ಬೂದಿ ಹೆಚ್ಚಿನ ಇದ್ದಲು

ಜಮಖಂಡಿಯ ನಮ್ಮ ಓಣಿಯಲ್ಲಿ, ಪಕ್ಕದ ಜಾಗಕ್ಕೆ ಕಾಂಪೌಂಡು ಏಳುತ್ತಿದೆ. ಇವತ್ತು ಬೆಳಿಗ್ಗೆ ಗೌಂಡಿ ಬೂದು ಬಣ್ಣದ ಇಟ್ಟಿಗೆಗಳಿಗೆ ನೀರು ಹೊಡೆದಾಗ ಎದ್ದ ವಾಸನೆಗೆ ಮೈಮರೆತು ಕೂತೆ, ಕೈಯಲ್ಲಿದ್ದ ಚಹಾ ಆರಿಹೋಯಿತು. ಅದು ಸಣ್ಣ ಸಂಗತಿಯಲ್ಲ. ಐದಕ್ಕೆ ಏಳುವುದು, ಆರಕ್ಕೆ ಚಹಾ, ಒಂದಕ್ಕೆ ಊಟ, ಇದು ನನ್ನ ಕಟ್ಟಳೆ. ಹೆಂಡತಿ ಇದ್ದಾಗ ನಗುತ್ತಿದ್ದಳು. ಈಗ ನಗುವವರೂ ಇಲ್ಲ. ಆ ಇಟ್ಟಿಗೆ ಕಲ್ಲಿದ್ದಲ ಬೂದಿಯದು. ಅದರ ಜೊತೆ ನಾನು ಹಲವು ವರ್ಷ ಬಾಳಿದ್ದೇನೆ.

ಬೀಳಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಎಂಜಿನಿಯರ್ ಆಗಿದ್ದೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಅದರ ಸಿಪ್ಪೆ ಸುಟ್ಟು ವಿದ್ಯುತ್ತು ಮಾಡುತ್ತಿದ್ದೆವು. ಹಂಗಾಮು ಮುಗಿದರೆ ಕಲ್ಲಿದ್ದಲು. ಒಳ್ಳೆಯದು ನಮಗೆಲ್ಲಿಂದ ಬರಬೇಕು? ಬರುತ್ತಿದ್ದದ್ದು ಕೆಳದರ್ಜೆಯದು, ಅರ್ಧ ಮಣ್ಣು, ಅರ್ಧ ಕಲ್ಲು. ಬೈದುಕೊಂಡೇ ಸುಡುತ್ತಿದ್ದೆವು. ಬನಹಟ್ಟಿಯ ಮಗ್ಗಗಳಿಗೆ ಕರೆಂಟು ಬೇಕು, ಗಲಗಲಿಯ ಪಂಪುಗಳಿಗೆ ಬೇಕು. ಅವು ಇದ್ದಲಿನ ದರ್ಜೆ ಕೇಳುತ್ತವೆಯೆ? ಮನೆಯಲ್ಲಿ ಹಸಿ ಕಟ್ಟಿಗೆಯೇ ಇದ್ದರೆ ಊದಿ ಊದಿಯಾದರೂ ಅಡುಗೆ ಮಾಡಬೇಕು. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಆದರೆ ಊದುವವನ ಮಾತು ಕೇಳಬೇಕು.

ನಮ್ಮಲ್ಲಿ ಹಾಗೆ ಊದುವವನು ಹುನ್ನೂರಿನ ಬೀರಪ್ಪ, ನನ್ನ ಪಾಳಿಯ ಬಾಯ್ಲರ್ ಆಪರೇಟರ್. ಕುರಿ ಕಾಯುವ ಮನೆತನ. ಹಿಂಡಿನಲ್ಲಿ ಜಡ್ಡಾದ ಕುರಿಯನ್ನು ದೂರದಿಂದಲೇ ಗುರುತಿಸುವ ಹಾಗೆ, ಬೆಂಕಿಯ ಬಣ್ಣ ನೋಡಿ ಒಳಗಿನ ಬೇನೆ ಹೇಳುತ್ತಿದ್ದ. ಮಧ್ಯಾಹ್ನ ಒಂದಕ್ಕೆ ಇಬ್ಬರೂ ಕೂಡಿ ಉಣ್ಣುತ್ತಿದ್ದೆವು. ಅವನ ರೊಟ್ಟಿ, ನನ್ನ ಅನ್ನ.

ಬೆಂಕಿಯ ತಳದಲ್ಲಿ ಕೂರುವ ಬೂದಿಯನ್ನು ತಾಸಿಗೊಮ್ಮೆ ಇಳಿಸಬೇಕೆಂಬುದು ನಾನೇ ಬರೆದು ಗೋಡೆಗೆ ಅಂಟಿಸಿದ್ದ ನಿಯಮ. ಒಂದು ದಿನ ಹೊಸದಾಗಿ ಬಂದ ಇದ್ದಲು ಹಾಕಿ ಅರ್ಧ ತಾಸೂ ಆಗಿರಲಿಲ್ಲ, ಬೀರಪ್ಪ ಬಾಯ್ಲರಿನ ಕಿಂಡಿಯಲ್ಲಿ ಇಣುಕಿ ನನ್ನ ಹತ್ತಿರ ಬಂದ.

“ಸಾಹೇಬ್ರ, ಬೂದಿ ಈಗ ಇಳಸೂಣ್ರಿ. ತಳದಾಗ ಉಸರು ಕಟ್ಟಾಕತ್ತೈತಿ.”

“ತಾಸ ಆಗ್ಲಿ ಬೀರಪ್ಪ.”

“ನಿಮ್ಮ ಗಡಿಯಾರ ಛಲೋ ಐತ್ರಿ. ಆದ್ರ ಈ ಇದ್ದಲಿಗೆ ಅದನ್ನ ನೋಡಾಕ ಬರಂಗಿಲ್ಲ.”

ನಕ್ಕೆ. ಇಳಿಸಗೊಡಲಿಲ್ಲ.

ತಾಸು ತುಂಬುವಷ್ಟರಲ್ಲಿ ಬೂದಿ ಕರಗಿ ಕಲ್ಲಿನಂಥ ಕಿಟ್ಟವಾಗಿತ್ತು. ಬಾಯ್ಲರ್ ನಿಂತಿತು. ಕಿಟ್ಟ ಒಡೆದು ತೆಗೆಯಲು ನಾಲ್ಕು ದಿನ ಹಿಡಿಯಿತು. ‘ಬೂದಿ ಇಳಿಸುವುದು ತಡವಾದ್ದರಿಂದ’ ಎಂದು ವರದಿ ಬರೆದೆ. ತಡ ಮಾಡಿಸಿದ್ದು ಯಾರೆಂದು ಬರೆಯಲಿಲ್ಲ. ನೋಡಿ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಳಿಸುವವನು ಬೀರಪ್ಪನಾದ್ದರಿಂದ ಮೇಲಿನವರು ಅವನನ್ನು ಬಾಯ್ಲರಿನಿಂದ ತೆಗೆದು, ಅಂಗಳದಲ್ಲಿ ಇದ್ದಲಿನೊಳಗಿನ ಕಲ್ಲು ಆರಿಸಲು ಹಾಕಿದರು. ಮರುದಿನ ಒಂದಕ್ಕೆ ಡಬ್ಬಿ ಬಿಚ್ಚಿ ಅವನಿಗಾಗಿ ಕಾದೆ. ಬರಲಿಲ್ಲ. ನಿವೃತ್ತಿಯವರೆಗೂ ಒಬ್ಬನೇ ಉಂಡೆ, ವೇಳೆಗೆ ಸರಿಯಾಗಿ.

ಇವತ್ತು ಹುನ್ನೂರಿನ ಬಸ್ಸು ಹತ್ತಿದೆ. ಬೀರಪ್ಪ ಮನೆಯ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಪಕ್ಕದಲ್ಲಿ ಕೂತು, “ಅವತ್ತ ತಡಾ ಮಾಡಿದಾಂವ ನಾನು” ಅಂದೆ.

“ಅದು ನನಗ ಗೊತ್ತಿಲ್ಲೇನ್ರಿ?” ಅವನ ಕೈ ನಿಲ್ಲಲಿಲ್ಲ. “ನನ್ನ ಮಗಗ ಹೇಳ್ರಿ. ಅಂವನೂ ಮುಧೋಳ ಕಡೆ ಬಾಯ್ಲರ್ ಕೆಲಸಾನ ಮಾಡ್ತಾನ. ಅಪ್ಪ ನಿದ್ದಿ ಹೊಡದು ಬಾಯ್ಲರ್ ಕೆಡಿಸಿದ ಅಂತ ಇನ್ನೂ ತಿಳದಾನ. ನಾ ಹೇಳಿದ್ರ, ಕಾಗದದಾಗ ಬರದೈತಲ್ಲ ಅಂತಾನ.”

ಮಗ ಬರುವುದು ಸಂಜೆಗೆ. ಕಾದೆ. ಬೀರಪ್ಪ ಊಟಕ್ಕೆ ಕರೆಯಲಿಲ್ಲ. ಕರೆದಾನೆಂದು ನಾನು ಅಂದುಕೊಂಡಿರಲೂ ಇಲ್ಲ. ಇದು ಸುಳ್ಳು, ಅಂದುಕೊಂಡಿದ್ದೆ.

ಮಗ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ನಾನು ಎದ್ದು ನಿಂತೆ.

“ಏಳಬ್ಯಾಡ್ರಿ ಯಜಮಾನ್ರ, ಕುಂದರ್ರಿ” ಅಂದ.

ನಿಂತುಕೊಂಡೇ ಹೇಳಿದೆ.