ಚೆಕಿಂಗ್ ಸಾಹೇಬರ ಕತ್ತೆ

ಹಳೆ ಸಾಮಾನಿನ ವ್ಯಾಪಾರಕ್ಕೆ ಅನುಮಾನವೇ ಬಂಡವಾಳ. "ಚೆನ್ನಾಗೇ ಇದೆ, ಜಾಗ ಇಲ್ಲ ಅಂತ ಕೊಡ್ತಿದ್ದೀವಿ" ಎಂದವರ ಫ್ಯಾನು ತಿರುಗುವುದಿಲ್ಲ. "ನಮ್ಮಜ್ಜಿ ಕಾಲದ್ದು" ಎಂದವರ ಪೆಟ್ಟಿಗೆಯನ್ನು ಮಗುಚಿದರೆ ತಳದಲ್ಲಿ ಹೋದ ವರ್ಷದ ಕಾರ್ಖಾನೆಯ ಚೀಟಿ. ಈ ಕಸುಬಿನಲ್ಲಿ ಕೂದಲು ನೆರೆಸಿಕೊಂಡವನು ನಾನು. ನನಗಿಂತ ಹೆಚ್ಚು ಅನುಮಾನದ ಮನುಷ್ಯ ಈ ಬೀದಿಯಲ್ಲಿ ಇರಲಾರ ಎಂದುಕೊಂಡಿದ್ದೆ. ಚೆಕಿಂಗ್ ಸಾಹೇಬರ ಮುಂದೆ ನಾನೊಂದು ಹಸುಗೂಸು.

ಅವರು ಬಸ್ಸಿನ ಕೆಲಸದಲ್ಲಿದ್ದವರು. ಮೊದಲು ಕಂಡಕ್ಟರ್, ಆಮೇಲೆ ಟಿಕೆಟ್ ತಪಾಸಣೆ. ತಿರುವಿನಲ್ಲಿ ಮರದ ಮರೆಗೆ ನಿಂತು, ಬಸ್ಸು ನಿಧಾನವಾದ ಕೂಡಲೇ ಹಿಂಬಾಗಿಲಿನಿಂದ ಹತ್ತುವ ಜಾತಿ. ನಿವೃತ್ತಿಯಾಗಿ ಮನೆ ಸೇರಿದರೂ ಕಣ್ಣಿಗೆ ನಿವೃತ್ತಿ ಸಿಗಲಿಲ್ಲ. ಹಾಲಿನವನು ಹಾಲು ಅಳೆಯುವಾಗ ಅವನ ಹೆಬ್ಬೆರಳು ಎಲ್ಲಿದೆ ಎಂದು ನೋಡುತ್ತಾರೆ. ಎದುರು ಮನೆಯವರು ನಕ್ಕರೆ ತಿರುಗಿ ನಗುವ ಮೊದಲು, "ಯಾಕೆ ನಗ್ತಿದ್ದಾನೆ?" ಎಂದು ಹೆಂಡತಿಯನ್ನು ಕೇಳುತ್ತಾರೆ. ಸಂಜೆ ನನ್ನ ಅಂಗಡಿಯ ಮುಂದಿನ ಮುರುಕು ಕುರ್ಚಿಯಲ್ಲಿ ಕೂತು ನನ್ನ ಗಿರಾಕಿಗಳ ಮುಖ ಓದುವುದು ಅವರ ವಿಶ್ರಾಂತಿ.

"ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡ್ತಾನೆ ಸಾಹುಕಾರ್ರೆ. ಟಿಕೆಟ್ ಇದ್ದೂ ಬೇರೆ ಏನೋ ತಪ್ಪು ಮಾಡಿದವನು ನೆಟ್ಟಗೆ ನಮ್ಮನ್ನೇ ನೋಡ್ತಾನೆ" ಎಂದು ಒಮ್ಮೆ ಪಾಠ ಹೇಳಿದರು.

"ಮತ್ತೆ ಯಾವ ತಪ್ಪೂ ಮಾಡದವನು ಸಾರ್?"

"ಅಂಥವನು ನಮ್ಮ ಬಸ್ಸು ಹತ್ತಿಲ್ಲ."

ಇವರಿಗೆ ಒಬ್ಬಳೇ ಮಗಳು. ಎರಡು ಬೀದಿ ಆಚೆ ಗಂಡನ ಮನೆ. ಹೊಲಿಗೆಯಲ್ಲಿ ಕೈ ಚೆನ್ನಾಗಿ ಕುದುರಿದೆ. ಹೊಲಿಗೆ ಕ್ಲಾಸು ಶುರು ಮಾಡಬೇಕು, ಮೆಷೀನುಗಳನ್ನು ಇಡಲು ಜಾಗ ಬೇಕು ಎಂದಾಗ ತಾಯಿ, ಮನೆಯ ಮುಂದಿನ ಕೋಣೆಯನ್ನು ಬಿಟ್ಟುಕೊಡೋಣ ಎಂದರು. ಆ ಕೋಣೆಯಲ್ಲಿ ಆಗಲೇ ಒಬ್ಬಳು ಬಾಡಿಗೆಯಿಲ್ಲದೆ ವಾಸವಾಗಿದ್ದಳು: ಅದೇ ಮಗಳು, ಚಿಕ್ಕವಳಾಗಿದ್ದಾಗಿನವಳು. ತೊಟ್ಟಿಲು, ಗಾಲಿ ಬಿದ್ದ ಮೂರು ಚಕ್ರದ ಸೈಕಲ್ಲು, ಕೈ ಮುರಿದ ಗೊಂಬೆಗಳು, ಅಂಗೈಯಷ್ಟಗಲದ ಸ್ವೆಟರು, ಹಿಮ್ಮಡಿ ಸವೆದ ಬೂಟು, ಶಾಲೆಯಲ್ಲಿ ಬಳಿದ ಚಿತ್ರಗಳು.

"ನಂಗೆ ಒಂದೂ ಬೇಡ. ಎಲ್ಲ ಕೊಟ್ಟುಬಿಡಿ" ಎಂದಳಂತೆ ಮಗಳು.

ಸಾಹೇಬರಿಗೆ ಅಲ್ಲೇ ಅನುಮಾನ. ಬೇಡ ಎನ್ನುವಾಗ ಮಗಳು ಕಿಟಕಿಯಾಚೆ ನೋಡುತ್ತಿದ್ದಳಂತೆ.

ಹಾಗಾಗಿ ಅವರೇ ಆರಿಸಲು ಕೂತರು. ಪ್ರತಿಯೊಂದಕ್ಕೂ ಒಂದು ರಟ್ಟಿನ ತುಂಡು ದಾರದಲ್ಲಿ ಕಟ್ಟಿದರು. ಕಂಡಕ್ಟರ್ ಕಾಲದ ಟಿಕೆಟ್ ಪಂಚು ಇನ್ನೂ ಅವರ ಬಳಿ ಇತ್ತು. ಎಣ್ಣೆ ಹಾಕಿ ಅದನ್ನು ಬಾಯಿ ಬಿಡಿಸಿದರು. ಕೆಲವು ರಟ್ಟಿಗೆ ಟಕ್ ಎಂದು ತೂತು. ಕೆಲವಕ್ಕೆ ಇಲ್ಲ. ಏನು ಲೆಕ್ಕ ಎಂದು ಹೆಂಡತಿ ಕೇಳಿದರೆ, "ಹೇಳಿದ್ರೆ ನೀನು ಮಧ್ಯೆ ಕೈ ಹಾಕ್ತೀಯ" ಎಂದರಂತೆ. ಆಕೆ ಮತ್ತೆ ಕೇಳಲಿಲ್ಲ. ಬಸ್ಸಿನವನ ಹೆಂಡತಿಗೆ ಪಂಚಿನ ಅರ್ಥವನ್ನು ಬಿಡಿಸಿ ಹೇಳಬೇಕೇ!

ನಾನು ಗಾಡಿ ತೆಗೆದುಕೊಂಡು ಹೋದ ದಿನ ಸಾಹೇಬರು ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ಅವರು ಬರಲಿ ಎಂದೆ.

"ಅವರು ಬಂದ್ರೆ ನಿಮ್ಮ ಗಾಡಿ ಚಕ್ರಾನೂ ಬಿಚ್ಚಿ ನೋಡ್ತಾರೆ. ಬೇಗ ತುಂಬಿಸ್ಕೊಳ್ಳಿ" ಎಂದರು ಸಾಹೇಬರ ಹೆಂಡತಿ, ನಮಗೆಲ್ಲ ಅಮ್ಮ. ತಾವೇ ನಿಂತು ಒಂದೊಂದನ್ನೂ ನೋಡಿ, ತೂತಿಲ್ಲದ ರಟ್ಟಿನವನ್ನೆಲ್ಲ ನನ್ನ ಗಾಡಿಗೆ ಹಾಕಿಸಿದರು. ತೂತು ಬಿದ್ದವು ಮನೆಯಲ್ಲೇ ಉಳಿದವು.

ನನಗೂ ಒಳಗೊಳಗೇ ಅನುಮಾನ. ತೊಟ್ಟಿಲು ತೇಗದ್ದು, ಸ್ವೆಟರುಗಳು ಗಟ್ಟಿ ಉಣ್ಣೆಯವು. ಒಳ್ಳೆಯದನ್ನೆಲ್ಲ ನನಗೆ ಕೊಟ್ಟು, ಗಾಲಿ ಬಿದ್ದ ಸೈಕಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಾರಲ್ಲ, ತಲೆ ನೆಟ್ಟಗಿದೆಯೇ? ಆದರೆ ಗಿರಾಕಿಯ ತಲೆ ನೆಟ್ಟಗಿರಬೇಕು ಎಂದು ವ್ಯಾಪಾರಿ ಹಟ ಹಿಡಿದರೆ ಅಂಗಡಿ ನಡೆಯುವುದಿಲ್ಲ. ಹಗ್ಗ ಬಿಗಿದು ಹೊರಟೆ.

ಮಧ್ಯಾಹ್ನ ಊಟ ಮುಗಿಸಿ ಬಾಯಿ ಒರೆಸುತ್ತಿದ್ದೆ. ಸಾಹೇಬರು ಬಂದರು. ಒಂದು ಕೆನ್ನೆ ಊದಿತ್ತು, ಮಾತು ಅರ್ಧ ಮರಗಟ್ಟಿತ್ತು. ಹಿಂದೆಯೇ ಏದುಸಿರು ಬಿಡುತ್ತ ಅಮ್ಮ.

"ಏನ್ರೀ ಸಾಹುಕಾರ್ರೆ, ನಾನು ಮನೇಲಿಲ್ಲದ ಹೊತ್ತು ನೋಡ್ಕೊಂಡೇ ಬಂದ್ರಾ?"

"ನೀವೇ ಇವತ್ತು ಬಾ ಅಂದಿದ್ರಿ ಸಾರ್."

"ಬಾ ಅಂದಿದ್ದೆ. ದೋಚು ಅಂದಿರ್ಲಿಲ್ಲ. ಇಡಬೇಕಾದ್ದೆಲ್ಲ ಇಲ್ಲಿ ಬಂದಿದೆ, ಕಸ ಎಲ್ಲ ಮನೇಲಿದೆ!"

"ರೀ, ಅವರನ್ನ ಯಾಕೆ ಬೈತೀರಿ? ಪಂಚ್ ಆಗಿದ್ದನ್ನ ನಾನೇ ಉಳಿಸ್ಕೊಂಡೆ" ಎಂದರು ಅಮ್ಮ.

"ಪಂಚ್ ಮಾಡಿದ್ದು ಕಳಿಸೋಕೆ ಕಣೇ! ತಪಾಸಣೆ ಆಯ್ತು, ಇಳೀಬಹುದು ಅಂತ!"

ಅಮ್ಮ ಸೊಂಟದ ಮೇಲೆ ಕೈ ಇಟ್ಟರು. "ಇಷ್ಟು ವರ್ಷ ನೀವು ಹೇಳಿದ್ದೇನು? ಪಂಚ್ ಆದ ಟಿಕೆಟ್ ಇದ್ದೋರು ರಾಜರ ಹಾಗೆ ಬಸ್ಸಲ್ಲಿ ಕೂತಿರ್ತಾರೆ. ಪಂಚ್ ಇಲ್ಲದೋರನ್ನ ಕುತ್ತಿಗೆ ಹಿಡಿದು ಇಳಿಸ್ತಾರೆ. ನಾನೂ ಇಳಿಸ್ದೆ."

ಸಾಹೇಬರು ನನ್ನತ್ತ ತಿರುಗಿ, ಕಸ ತಗೊಂಡು ಇದನ್ನೆಲ್ಲ ವಾಪಸ್ ಕೊಡಿ ಎಂದರು.

ಸಾಮಾನು ಅದಲು ಬದಲು ಮಾಡಿಕೊಳ್ಳಲು ನಾನು ಒಪ್ಪಿದೆ. ತೇಗದ ತೊಟ್ಟಿಲನ್ನು ಹಿಂದಿರುಗಿಸುವ ಮೊದಲು ಅದರ ಅಂಚನ್ನು ಇನ್ನೊಮ್ಮೆ ಸವರಿದ್ದು ನಿಜ. ಸಾಹೇಬರು ನೆಲದ ಮೇಲೆ ಎಲ್ಲವನ್ನೂ ಹರಡಿ, ಒಂದೊಂದರ ರಟ್ಟನ್ನೂ ತಿರುಗಿಸಿ ನೋಡಿ ಎದ್ದರು.

"ಒಂದು ಕಮ್ಮಿ ಇದೆ."

"ಯಾವುದು ಸಾರ್?"

"ನಿಮಗೆ ಗೊತ್ತು."

"ನಂಗೇನು ಗೊತ್ತು?"

"ಅಷ್ಟು ಬೇಗ ಗೊತ್ತಿಲ್ಲ ಅಂದ್ರಲ್ಲ, ಅಲ್ಲೇ ಸಿಕ್ಕಿಬಿದ್ರಿ."

ಏನು ಕಳೆದಿದೆ ಎಂದು ಹೇಳದೆ ಹುಡುಕುವವನನ್ನು ಕಂಡರೆ ನನ್ನ ಜಾತಿಯವರ ಕಿವಿ ನಿಮಿರುತ್ತದೆ. ಬೆಲೆಬಾಳುವ ವಸ್ತುವೇ ಇರಬೇಕು. ಗೊಂಬೆಯ ಹೊಟ್ಟೆಯಲ್ಲಿ ಏನಾದರೂ ಹೊಲಿದು ಇಟ್ಟಿದ್ದರೋ? ಅಮ್ಮನಿಗೂ ಅದೇ ಗುಮಾನಿ. "ನನಗೆ ತಿಳೀದ ಹಾಗೆ ಏನ್ರೀ ಬಚ್ಚಿಟ್ಟಿದ್ರಿ?" ಎಂದು ಅವರ ಮುಖಕ್ಕೆ ಮುಖ ಕೊಟ್ಟು ನಿಂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಸಾಹೇಬರು ಊದಿದ ಕೆನ್ನೆ ಮುಟ್ಟಿಕೊಂಡರು. ಕೊನೆಗೆ ಗೋಡೆಗೆ ಹೇಳುವವರಂತೆ ಹೇಳಿದರು:

"ಕತ್ತೆ."

"ಯಾರಿಗೆ ಅಂತಿದ್ದೀರಿ?" ಎಂದರು ಅಮ್ಮ.

"ಬಟ್ಟೆ ಕತ್ತೆ. ಒಂದೇ ಕಿವಿ ಇರೋದು."

ಆಮೇಲೆ ವಿಷಯ ಹೊರಬಿತ್ತು. ಬಸ್ಸಿನ ಕೆಲಸದಲ್ಲಿದ್ದಾಗ ಸಾಹೇಬರು ವಾರದಲ್ಲಿ ಮೂರು ನಾಲ್ಕು ದಿನ ಬೇರೆ ಊರಿನಲ್ಲಿ ತಂಗಬೇಕಿತ್ತು. ಹೊರಡುವಾಗಲೆಲ್ಲ ಮಗಳು ತನ್ನ ಬಟ್ಟೆ ಕತ್ತೆಯನ್ನು ಅವರ ಚೀಲಕ್ಕೆ ತುರುಕುತ್ತಿದ್ದಳು. ಅದಕ್ಕೂ ಟಿಕೆಟ್ ತಗೋಬೇಕಾ ಎಂದು ಇವರು ಕೇಳಿದರೆ, "ಬೇಡಪ್ಪ, ಅದು ಸ್ಟಾಫು" ಎನ್ನುತ್ತಿದ್ದಳು. ಜೊತೆಯವರು ಎಷ್ಟು ನಕ್ಕರೂ ಇವರು ಅದನ್ನು ಹೊತ್ತರು. ತಂಗುವ ಕೋಣೆಯಲ್ಲಿ ದಿಂಬಿನ ಪಕ್ಕ ಇಟ್ಟುಕೊಂಡರು.

"ಅವಳು ನಡೆಯೋಕೆ ಶುರು ಮಾಡಿದ್ದು ನಾನು ನೋಡಿಲ್ಲ. ಮೊದಲ ದಿನ ಸ್ಕೂಲಿಗೆ ಹೋಗಿದ್ದೂ ನೋಡಿಲ್ಲ. ತೊಟ್ಟಿಲು, ಸ್ವೆಟರು ಎಲ್ಲ ನಿನ್ನ ನೆನಪುಗಳು ಕಣೇ. ನನ್ನದು ಅಂತ ಇರೋದು ಆ ಕತ್ತೆ ಒಂದೇ" ಎಂದರು ಸಾಹೇಬರು.

ಅಮ್ಮ ಸೊಂಟದ ಮೇಲಿನ ಕೈ ಇಳಿಸಿದರು.

ಕತ್ತೆ ನನ್ನಲ್ಲಿ ಇರಲಿಲ್ಲ. ಅದನ್ನು ನನ್ನ ಅಂಗಡಿಯ ಬಟ್ಟೆ ಗೊಂಬೆಗಳ ಬುಟ್ಟಿಗೆ ಹಾಕಿದ್ದೆ, ಕ್ಷೌರದಂಗಡಿಯವನು ಊಟಕ್ಕೆ ಮುಂಚೆ ಬಂದು ಬುಟ್ಟಿಯನ್ನು ಹಾಗೇ ಎತ್ತಿಕೊಂಡು ಹೋಗಿದ್ದ. ಕತ್ತರಿ ಕಂಡು ಕಿರಿಚುವ ಮಕ್ಕಳ ಕೈಗೆ ಕೊಡಲು ಅವನು ಇಂಥವನ್ನು ಒಯ್ಯುತ್ತಾನೆ. ಹೇಳಿದೆ. ಸಾಹೇಬರು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟರು. ಅವರ ಹಿಂದೆ ನಾನು. ಅಮ್ಮ ಅಂಗಡಿಯಲ್ಲೇ ಕೂತು ಮಗಳಿಗೆ ಫೋನು ಹಚ್ಚಿದರು.

ಕ್ಷೌರದಂಗಡಿಯ ಕುರ್ಚಿಯಲ್ಲಿ ಹಲಗೆ ಹಾಕಿ ಒಂದು ಪುಟ್ಟ ಮಗುವನ್ನು ಕೂರಿಸಿದ್ದ. ಕೊರಳಿಗೆ ಬಿಳಿ ಬಟ್ಟೆ, ಕೆನ್ನೆಯ ಮೇಲೆ ಆರದ ಕಣ್ಣೀರು, ಎದೆಗೆ ಒತ್ತಿಕೊಂಡ ಕತ್ತೆ.

"ಅದು ನಮ್ಮದು" ಎಂದರು ಸಾಹೇಬರು.

"ಇರಬಹುದು ಸಾರ್. ಈಗ ಕಿತ್ಕೊಂಡ್ರೆ ಮಗು ತಲೆ ಆಡಿಸುತ್ತೆ, ಕಿವಿ ನನ್ನ ಕತ್ತರಿಗೆ ಬರುತ್ತೆ. ಕತ್ತೆಗೆ ಒಂದು ಕಿವಿ ಇಲ್ಲದಿದ್ರೆ ಯಾರೂ ಕೇಳಲ್ಲ, ಮಗೂಗೆ ಇಲ್ಲದಿದ್ರೆ ಅವರಮ್ಮ ಕೇಳ್ತಾಳೆ. ಕೂತ್ಕೊಳಿ."

ಬೆಂಚಿನ ಮೇಲೆ ಕೂತೆವು. ಸಾಹೇಬರ ಕಣ್ಣು ಕನ್ನಡಿಯಲ್ಲಿನ ಕತ್ತೆಯ ಮೇಲೆ. ಅಷ್ಟರಲ್ಲಿ ಮಗಳು ಬಂದಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಅಪ್ಪಾ, ಏನಿದು? ಅಮ್ಮ ಫೋನಲ್ಲಿ ಅಳ್ತಾಳೆ, ಕತ್ತೆ ಕತ್ತೆ ಅಂತಾಳೆ, ನಂಗೆ ಅರ್ಥನೇ ಆಗ್ಲಿಲ್ಲ."

ಸಾಹೇಬರು ಕನ್ನಡಿಯತ್ತ ಗಲ್ಲ ಎತ್ತಿ ತೋರಿಸಿದರು. ಮಗಳು ನೋಡಿದಳು. ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

"ಅಯ್ಯೋ, ನನ್ನ ಪತ್ತೇದಾರ!"

"ಏನು?"

"ಅಪ್ಪಾ, ಬೈಬೇಡ. ನೀನು ಆಚೆ ಊರಲ್ಲಿ ಉಳೀತಿದ್ಯಲ್ಲ, ಆಗ ಪಕ್ಕದ ಮನೆ ಆಂಟಿ ತಮಾಷೆ ಮಾಡ್ತಿದ್ದಳು. ನಿಮ್ಮಪ್ಪನಿಗೆ ಅಲ್ಲೊಬ್ಬಳು ಮಗಳಿದ್ದಾಳೆ ಕಣೇ, ನಿನಗಿಂತ ಜಾಣೆ ಅಂತ. ನಾನು ನಂಬಿಬಿಟ್ಟೆ. ಅದಕ್ಕೇ ಕತ್ತೇನ ಕಳಿಸ್ತಿದ್ದೆ, ನಿನ್ನ ಮೇಲೆ ಕಣ್ಣಿಡೋಕೆ."

ಕ್ಷೌರಿಕನ ಕತ್ತರಿ ನಿಂತಿತು. ಸಾಹೇಬರ ಮುಖ ನಿಧಾನವಾಗಿ ಬಣ್ಣಗೆಟ್ಟಿತು.

"ಕಿವಿ?"

"ನಾನೇ ಕಿತ್ತಿದ್ದು. ಅಲ್ಲಿ ಬೇರೆ ಮನೆ ಇದ್ರೆ ಆ ಹುಡುಗೀನೋ ಅವರಮ್ಮನೋ ಪಾಪ ಅಂತ ಹೊಲಿದು ಕೊಡ್ತಾರೆ, ಆಗ ಸಿಕ್ಕಿಬೀಳ್ತೀಯ ಅಂತ."

"ಆಗ ನಿನಗೆ ವಯಸ್ಸೆಷ್ಟೇ?"

"ಇನ್ನೂ ಅಕ್ಷರ ತಿದ್ತಿದ್ದೆ."

ಅವರು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಂಥ ಬಲೆ ಇಲಾಖೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂಬ ಮೆಚ್ಚುಗೆ ಒಂದು ಕಣ್ಣಿನಲ್ಲಿತ್ತು, ಇನ್ನೊಂದರಲ್ಲಿ ನೀರಿತ್ತು.

"ನಾನೇನೋ ಅಂದ್ಕೊಂಡಿದ್ದೆ" ಎಂದರು.

"ಏನಂದ್ಕೊಂಡಿದ್ದೆ?"

"ಏನಿಲ್ಲ ಬಿಡು. ಕೊನೇವರೆಗೂ ಅನುಮಾನ ಇತ್ತಾ ನಿಂಗೆ?"

"ಇಲ್ಲಪ್ಪ. ಒಂದು ದಿನ ನಂಗೆ ಜ್ವರ. ಚೀಲಕ್ಕೆ ಹಾಕೋಕೆ ಆಗ್ಲಿಲ್ಲ, ನಿದ್ದೆ ಮಾಡ್ತಿದ್ದೆ. ನೀನು ಸ್ಟಾಪಿನವರೆಗೂ ಹೋದವನು ಓಡ್ಕೊಂಡು ವಾಪಸ್ ಬಂದೆ. ನಾನು ಎದ್ದಿದ್ದೆ, ನಿಂಗೆ ಗೊತ್ತಾಗ್ಲಿಲ್ಲ. ಮಂಚದ ಕೆಳಗೆಲ್ಲ ಕೈ ಹಾಕಿ ಹುಡುಕಿ, ಕತ್ತೇನ ತಗೊಂಡು ಓಡ್ದೆ. ಬೇರೆ ಮನೆ ಇರೋನು ಪತ್ತೇದಾರನ್ನ ಹುಡುಕ್ಕೊಂಡು ಬರ್ತಾನಾ? ಆವತ್ತೇ ಕೇಸು ಮುಚ್ಚಿದೆ."

"ಆಮೇಲೂ ವರ್ಷಗಟ್ಟಲೆ ಹಾಕಿದ್ಯಲ್ಲೇ ಚೀಲಕ್ಕೆ?"

ಮಗಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಆಮೇಲೆ ಹಾಕಿದ್ದು, ನೀನೊಬ್ಬನೇ ಇರ್ತೀಯಲ್ಲ ಅಂತ."

ಸಾಹೇಬರು ಹಲ್ಲು ನೋಯುತ್ತಿದೆ ಎನ್ನುವಂತೆ ಒಂದು ಕಡೆಯ ಕಣ್ಣು ಕೆನ್ನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ನನಗೆ ಗೊತ್ತು, ಊದಿದ್ದು ಇನ್ನೊಂದು ಕೆನ್ನೆ.

ಮಗುವಿನ ಕೂದಲು ಮುಗಿಯಿತು. ಬಿಳಿ ಬಟ್ಟೆ ತೆಗೆದದ್ದೇ ತಡ, ಅಷ್ಟು ಹೊತ್ತು ಜೀವ ಎಂಬಂತೆ ಅಪ್ಪಿಕೊಂಡಿದ್ದ ಕತ್ತೆಯನ್ನು ಅದು ನೆಲಕ್ಕೆ ಎಸೆದು, ತಿರುಗಿಯೂ ನೋಡದೆ ಬಾಗಿಲಿಗೆ ಓಡಿತು. ಕತ್ತೆ ಕೂದಲ ರಾಶಿಯಲ್ಲಿ ಅಂಗಾತ ಬಿದ್ದಿತ್ತು.

"ತಗೊಳಿ ಸಾರ್" ಎಂದ ಕ್ಷೌರಿಕ.

ಸಾಹೇಬರು ಬಾಗಿಲಲ್ಲಿ ತನ್ನ ತಾಯಿಯ ಸೆರಗು ಎಳೆಯುತ್ತಿದ್ದ ಆ ಮಗುವನ್ನು ನೋಡಿದರು. "ಇರ್ಲಿ. ಮಕ್ಕಳು ಬರ್ತಾರೆ, ಬೇಕಾಗುತ್ತೆ. ಕೂದಲು ಒದರಿ ಇಡಪ್ಪ."

"ನಿಜವಾಗ್ಲೂ ಬೇಡ್ವಾ ಅಪ್ಪ?"

"ನಂಗ್ಯಾಕೆ? ನಿಂಗೆ ಬೇಕಾ?"

"ನಂಗೂ ಬೇಡ" ಎಂದಳು ಮಗಳು, ಕಿಟಕಿಯಾಚೆ ನೋಡುತ್ತ.

ತಂದೆ ಮಗಳು ಹೊರಟರು, ಹಿಂದೆ ನಾನು. ತೊಟ್ಟಿಲನ್ನು ನೀವೇ ಇಟ್ಟುಕೊಳ್ಳಿ ಎಂದು ಸಾಹೇಬರು ದಾರಿಯಲ್ಲಿ ಹೇಳಿದರು. ಸ್ವೆಟರನ್ನು ಮಾತ್ರ ಅಮ್ಮ ಬಿಡಲಿಲ್ಲ. ಇಷ್ಟು ಸಲೀಸಾಗಿ ಬಂದ ತೇಗದಲ್ಲಿ ಹುಳು ಇರಬೇಕು ಎಂದು ನಾನು ಕಾಲುಗಳನ್ನು ತಟ್ಟಿ ನೋಡಿದೆ. ಇರಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಅಂಗಡಿಗೆ ಬಂದಾಗ ಮುಖದಲ್ಲಿ ಹಬ್ಬವಿತ್ತು. ಪಕ್ಕದ ಕುರ್ಚಿ ಎಳೆದುಕೊಂಡು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಕ್ಷೌರದಂಗಡಿ ಕಡೆಯಿಂದ ಬರ್ತಿದ್ದೀನಿ. ಕತ್ತೆ ಇಲ್ಲ."

"ಅಯ್ಯೋ! ಯಾರು ತಗೊಂಡ್ರಂತೆ ಸಾರ್?"

"ನಿನ್ನೆ ಸಂಜೆ ಬಾಗಿಲು ಹಾಕೋ ಹೊತ್ತಿಗೆ ಒಬ್ಬಳು ಬಂದಳಂತೆ. ಕೊರಳಲ್ಲಿ ಅಳತೆ ಟೇಪು. ಬದಲಿಗೆ ಹೊಸ ಮೊಲ ಇಟ್ಟು ಕತ್ತೆ ಎತ್ಕೊಂಡು ಹೋದಳಂತೆ. ಯಾರಿಗೂ ಹೇಳ್ಬೇಡ ಅಂದಳಂತೆ."

"ಮತ್ತೆ, ಮನೆಗೆ ಹೋಗಿ ಹಿಡೀರಿ. ಕಣ್ಣೆದುರಿಗೇ ಸಿಕ್ಕಿದ್ದಾಳಲ್ಲ!"

ಸಾಹೇಬರು ಕಾಲು ಚಾಚಿ ಕುರ್ಚಿಗೆ ಒರಗಿದರು. ನನ್ನ ಮುಂದಿನ ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಂದು ನೋಡದೆ ಮೇಲೆ ಹಂಚಿನ ಕಡೆ ಕಣ್ಣು ನೆಟ್ಟು ಹೇಳಿದರು:

"ಬೇಡಪ್ಪ. ನಾನು ನೋಡೇ ಇಲ್ಲ."