ದೀಪ ಬಂದ ಮೇಲೆ ಸೋಮಾರಿಯಾದ ಕಿವಿ

ಬೆಳಗಿನ ಐದೂವರೆ. ಕಾರ್ಖಾನೆಯ ಲೇಪನ ವಿಭಾಗದಲ್ಲಿ ದೀಪಗಳೆಲ್ಲ ಉರಿಯುತ್ತಿವೆ. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ಕೆಲಸಗಾರ್ತಿ ಮಾತ್ರ ಎಡಗೈಯನ್ನು ಗೋಡೆಗೆ ತಾಗಿಸಿಕೊಂಡೇ ನಡೆಯುತ್ತಾರೆ. ತಿರುವು ಬಂದಾಗ "ಬಂದೆ" ಎನ್ನುತ್ತಾರೆ. ಫೋಟೊ ಫಿಲ್ಮಿಗೆ ಬೆಳಕು ಸೋಕಬಾರದೆಂದು ಮೂವತ್ತೊಂದು ವರ್ಷ ಕಗ್ಗತ್ತಲಲ್ಲಿ ದುಡಿದವರ ರೂಢಿ ಅದು. ಸದ್ದಿಲ್ಲದೆ ತಿರುಗಿದರೆ ಹಣೆಗೆ ಹಣೆ ಬಡಿಯುತ್ತಿತ್ತು. ಮನೆಯಲ್ಲೂ ಅಡುಗೆಮನೆಯ ಬಾಗಿಲಲ್ಲಿ "ಬಂದೆ" ಎಂದರೆ ಗಂಡ ತಲೆಯೆತ್ತದೆ, "ಗೊತ್ತಾಯ್ತು, ರೈಲಿಗೆ ಹಳಿ ಬಿಟ್ಟುಕೊಟ್ಟಿದ್ದೀನಿ" ಎನ್ನುತ್ತಾರೆ.

ಫಿಲ್ಮ್ ಕೊಳ್ಳುವವರು ಇಲ್ಲದಾದಾಗ ಕಂಪನಿ ಕೈಕಟ್ಟಿ ಕೂರಲಿಲ್ಲ. ಫಿಲ್ಮಿಗೆ ಬಳಿಯುವ ಜೆಲಟಿನ್ ಎಂಬ ಅಂಟನ್ನು ಹದವಾಗಿ ಕರಗಿಸಿ, ತೆಳುವಾಗಿ ಬಳಿಯುವ ವಿದ್ಯೆ ಅದರ ಕೈಯಲ್ಲಿತ್ತು. ಒಂದು ಘಟಕ ಮುಖದ ಕ್ರೀಮಿಗೆ, ಇನ್ನೊಂದು ಔಷಧದ ಕ್ಯಾಪ್ಸೂಲಿಗೆ ಹೊರಳಿತು. ದೊಡ್ಡಕ್ಕನ ಯಂತ್ರದ ಪಾಲಿಗೆ ಬಂದದ್ದು ಸುಟ್ಟ ಗಾಯದ ಮೇಲೆ ಹಾಕುವ ಹಾಳೆ. ನಿಮಿಷಕ್ಕೆ ಎಂಟು ಮೀಟರ್, ದಪ್ಪ ಕೂದಲೆಳೆಯಷ್ಟು. ಆದರೆ ಸೂಜಿಮೊನೆಯಂಥ ತೂತುಗಳಿದ್ದವೆಂದು ಎರಡು ಸುರುಳಿಗಳು ಈಗಾಗಲೇ ತಿರಸ್ಕೃತವಾಗಿವೆ. ಇಂದಿನ ಮೂರನೆಯದೂ ಕೆಟ್ಟರೆ ವಿಭಾಗಕ್ಕೆ ಬೀಗ. ಒಂಬತ್ತು ಜನ ಮನೆಗೆ.

"ಕತ್ತಲಲ್ಲಿ ಒಂದು ಗುಳ್ಳೆ ಬಂದ್ರೂ ಗೊತ್ತಾಗ್ತಿತ್ತು. ದೀಪ ಬಂದ್ಮೇಲೆ ನೋಡ್ತಾ ನಿಂತ್ಬಿಟ್ವಿ. ಕಿವಿ ಸೋಮಾರಿ ಆಯ್ತು," ಎನ್ನುತ್ತಾರೆ ದೊಡ್ಡಕ್ಕ.

ಹಾಗಾಗಿ ಇವತ್ತು ಅವರದೊಂದು ಬೇಡಿಕೆ: ಅರ್ಧ ಗಂಟೆ ದೀಪ ಆರಿಸಬೇಕು. ಕಿರಿಯ ಇಂಜಿನಿಯರ್‌ಗೆ ನಗು.

"ಅಕ್ಕಾ, ಕಂಪ್ಯೂಟರ್ ಪರದೆ ಮೇಲೆ ಪಂಪಿನ ಒತ್ತಡ ಸರಿಯಾಗೇ ತೋರಿಸ್ತಿದೆ."

"ಅದರ ಪಾಡಿಗೆ ಅದು ತೋರಿಸ್ಲಿ. ನೀವು ಸ್ವಲ್ಪ ಸುಮ್ನಿರಿ. ನಿಮ್ಮ ಶೂನೂ ಸುಮ್ನಿರ್ಲಿ."

ದೀಪ ಆರುತ್ತದೆ. ಪಂಪು ದ್ರಾವಣವನ್ನು ಹೀರಿಕೊಳ್ಳುವ ಕೊಳವೆಗೆ ದೊಡ್ಡಕ್ಕ ಕಿವಿಗೊಡುತ್ತಾರೆ; ಅದರ ಉದ್ದಕ್ಕೂ ಅವರ ಅಂಗೈ ಮೆಲ್ಲಗೆ ಸರಿಯುತ್ತದೆ. ನಾಲ್ಕನೆಯ ಜೋಡಣೆಯ ಹತ್ತಿರ ನಿಲ್ಲುತ್ತದೆ. "ಇಲ್ಲಿ ಉಸಿರು ಎಳ್ಕೊಳ್ತಿದೆ."

ಪಂಪು ನಿಲ್ಲಿಸಿ ಬಿಚ್ಚಿದರೆ ಒಳಗಿನ ರಬ್ಬರ್ ಬಳೆಯಲ್ಲಿ ಉಗುರಿನಷ್ಟು ಸೀಳು. ಪರದೆಯ ಅಂಕಿ ಕದಲಲು ಅಷ್ಟು ಗಾಳಿ ಸಾಲದು. ಗುಳ್ಳೆಯೆದ್ದು ಹಾಳೆ ತೂತಾಗಲು ಧಾರಾಳವಾಗಿ ಸಾಕು.

ಬಳೆ ಬದಲಾಗುತ್ತದೆ, ಯಂತ್ರ ಓಡುತ್ತದೆ. ಮಧ್ಯಾಹ್ನ ಎರಡಕ್ಕೆ ಪರೀಕ್ಷಾ ಕೋಣೆಯಿಂದ ಚೀಟಿ ಬರುತ್ತದೆ: ಆರುನೂರು ಮೀಟರ್, ತೂತು ಸೊನ್ನೆ. ಇಂಜಿನಿಯರ್ ಅದನ್ನು ಎರಡು ಸಲ ಓದುತ್ತಾರೆ. ದೊಡ್ಡಕ್ಕ ಆಗಲೇ ದ್ರಾವಣದ ತೊಟ್ಟಿ ತೊಳೆಯಲು ಬಿಸಿನೀರು ಬಿಟ್ಟಿದ್ದಾರೆ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ.

"ನಾನು ಬಳಿದ ಫಿಲ್ಮಲ್ಲಿ ಯಾರ್ಯಾರ ಮುಖ ಬಂತೋ, ಒಂದೂ ನೋಡ್ಲಿಲ್ಲ. ಈ ಹಾಳೆನಾದ್ರೂ ಒಬ್ಬರ ಕೈ ಮೇಲೆ ಕೂತಿರೋದು ನೋಡ್ಬೇಕು. ಗಾಯ ತೋರಿಸಿ ಅಂತ ಕೇಳಲ್ಲ. ಅಂಚು ಎದ್ದಿಲ್ಲ ಅಂತ ಗೊತ್ತಾದ್ರೆ ಸಾಕು."