ಹನುಮಪ್ಪನಿಗೆ ಎರೆದ ನೀರು

ಪಾಳಾ ಎಂಬ ಊರಿನ ಹತ್ತಿರದ ಆ ಹಳ್ಳಿಯನ್ನು ನಾನು ತಲುಪುವಷ್ಟರಲ್ಲಿ ಸತ್ತ ಮಂಗನನ್ನು ಹೂತುಬಿಟ್ಟಿದ್ದರು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಹೂತಿರಲಿಲ್ಲ. ಇನ್ನೂ ಮೈ ತೊಳೆಯುತ್ತಿದ್ದರು. ನಾನು ನೋಡುತ್ತ ನಿಂತಿದ್ದೆ.

ಪಶುವೈದ್ಯ ಪದವಿ ಮುಗಿಸಿ, ಕಾಡುಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳ ಅಧ್ಯಯನಕ್ಕೆ ಸೇರಿದ ಮೊದಲ ವರ್ಷ ಅದು. ದಾಂಡೇಲಿಯ ನಮ್ಮ ಓಣಿಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬರುವವರು ಕೇಳುತ್ತಿದ್ದರು: “ಎಮ್ಮಿ ಡಾಕ್ಟರ್ ಆಗಾಕ ಇನ್ನೂ ಎಷ್ಟ್ ವರ್ಷ ಓದ್ತೀಯವಾ?” ಪ್ರಬಂಧಕ್ಕೆ ಬೇಕಾದ ಮಂಗನ ಕಾಯಿಲೆಯ ಮಾದರಿ ಒಂದೂ ಸಿಕ್ಕಿರಲಿಲ್ಲ. ಹಾಗಾಗಿ ಅರಣ್ಯ ಇಲಾಖೆಯ ಗಾರ್ಡ್ ಫೋನ್ ಮಾಡಿದ ಕೂಡಲೇ ಓಡಿದ್ದೆ.

ಹಲಸಿನ ಮರದ ಕೆಳಗೆ ಸಿದ್ದಿ ಸಮುದಾಯದ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಮಂಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅರಿಶಿನ ನೀರು ಎರೆಯುತ್ತಿದ್ದರು. ಮಂಗ ಸತ್ತರೆ ಮನೆಯ ಹಿರಿಯರಿಗೆ ಮಾಡಿದಂತೆ ಎರೆದು, ಬಟ್ಟೆ ಹೊದಿಸಿ, ಕಾಯಿ ಒಡೆದು ಮಣ್ಣು ಮಾಡುವುದು ಅಲ್ಲಿಯ ರೂಢಿ. ಸತ್ತ ಮೈ ತಣ್ಣಗಾದಂತೆ ಉಣ್ಣಿಗಳು ಇಳಿದು ಬೇರೆ ಮೈ ಹುಡುಕುತ್ತವೆ; ಅವು ಕಚ್ಚಿದರೆ ಕಾಯಿಲೆ ದಾಟುತ್ತದೆ. ನನಗೆ ಗೊತ್ತಿತ್ತು. ಗಾರ್ಡ್ ಇನ್ನೂ ರಸ್ತೆಯಲ್ಲೇ ಮೇಲಿನವರಿಗೆ ಫೋನ್ ಮಾಡುತ್ತಿದ್ದರು. ಹೇಳಬೇಕಾದವಳು ನಾನೊಬ್ಬಳೇ. ತಡೆದರೆ ನನಗೆ ಹೆಣ ಮುಟ್ಟಲು ಬಿಡಲಿಕ್ಕಿಲ್ಲ ಅನ್ನಿಸಿತು. ಸುಮ್ಮನಿದ್ದೆ.

ಎರೆದಾದ ಮೇಲೆ ನಾನು ಮಾಸ್ಕ್, ಜೋಡಿ ಕೈಗವಸು, ಮೊಣಕಾಲುದ್ದದ ಬೂಟು ತೊಟ್ಟು ಮಾದರಿ ತೆಗೆಯಲು ಹೋದೆ. ಬರಿಗೈಯ ಆಯಿ ನಕ್ಕರು: “ಏನವಾ, ಇಷ್ಟ್ ಮುಚ್ಕೊಂಡೀದಿ! ಹನಮಪ್ಪ ಎದ್ದು ಕಚ್ಚತಾನೇನ?” ಎಲ್ಲರೂ ನಕ್ಕರು. ಮಾಸ್ಕಿನೊಳಗೆ ನಾನೂ ನಕ್ಕೆ. ಹೊರಡುವಾಗ ಅವರ ಫೋನ್ ನಂಬರ್ ಪಡೆದು, ಜ್ವರ ಬಂದರೆ ತಿಳಿಸಿ ಎಂದೆ. ಯಾಕೆಂದು ಹೇಳಲಿಲ್ಲ.

ಉಣ್ಣಿ ಕಚ್ಚಿದ್ದರೆ ಸಾಮಾನ್ಯವಾಗಿ ಎಂಟು ದಿನದೊಳಗೆ ಜ್ವರ ಬರುತ್ತದೆ; ಆ ಎಂಟು ದಿನ ದಾಟಬೇಕಿತ್ತು. ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದೆ. ಮೂರನೆಯ ದಿನಕ್ಕೆ ಆಯಿ ಆಚೆ ಯಾರಿಗೋ ಕೂಗಿದರು: “ಜ್ವರಾ ಕೇಳೂ ಹುಡುಗಿ ಫೋನ್ ಬಂತ್ ನೋಡ್ರಿ!” ಐದನೆಯ ದಿನ ವರದಿ ಬಂತು. ಮಂಗನಿಗೆ ಕಾಯಿಲೆ ಇತ್ತು. ಆರೋಗ್ಯ ಕೇಂದ್ರಕ್ಕೆ ತಿಳಿಸಿದ್ದೇವೆ ಎಂದ ನನ್ನ ಮಾರ್ಗದರ್ಶಕರು, ಒಳ್ಳೆಯ ಮಾದರಿ ತಂದಿದ್ದೀಯ ಎಂದೂ ಸೇರಿಸಿದರು. ಆರನೆಯ ದಿನ ಆಯಿಯ ಫೋನ್ ಸ್ವಿಚ್ ಆಫ್.

ಅವತ್ತೇ ಆಯಿಯ ಊರಿಗೆ ಹೊರಟು ಹಳಿಯಾಳದಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಮತ್ತೆ ಮತ್ತೆ ಅದೇ ನಂಬರ್ ಒತ್ತಿದೆ. ನನ್ನದೇ ಹಣೆ ಮುಟ್ಟಿಕೊಂಡೆ. ಸುಡುತ್ತಿತ್ತು; ಬಿಸಿಲಿಗೋ ಏನೋ.

ಆಯಿ ಅಂಗಳದಲ್ಲಿ ಗೋವಿನಜೋಳ ಸುಲಿಯುತ್ತ ಕೂತಿದ್ದರು. “ಕರೆಂಟ್ ಇಲ್ಲವಾ. ಫೋನ್ ಸತ್ತೈತಿ, ನಾ ಇನ್ನೂ ಅದೀನಿ.”

ಎಲ್ಲ ಹೇಳಿದೆ. ಅವರ ಕೈ ನಿಂತಿತು.

“ಆವತ್ತ ನಿನಗ ಗೊತ್ತಿತ್ತೇನ?”

“ಗೊತ್ತಿತ್ತು, ಆಯಿ. ತಡೆದ್ರ ಸಿಟ್ಟಾಗ್ತೀರಿ, ಹೆಣ ಕೊಡೂದಿಲ್ಲ ಅಂದ್ಕೊಂಡೆ.”

“ಹಲಸಿನಕಾಯಿ ಕೊಯ್ಯೂ ದೋಟಿ ಅಲ್ಲೇ ಇತ್ತಲ್ಲ. ಅದರ ತುದಿಗೆ ತಂಬಿಗಿ ಕಟ್ಟಿ ದೂರಿಂದ ಎರಿತಿದ್ದೆ. ಹನಮಪ್ಪ ಬ್ಯಾಡ ಅಂತಿದ್ನೇನ? ನಮಗ ಅಷ್ಟೂ ತಿಳಿಯೂದಿಲ್ಲ ಅಂದ್ಕೊಂಡ್ಯಾ?”

ಅವರು ನನ್ನ ಮುಂದೆ ನಾಲ್ಕು ತೆನೆ ಎಸೆದರು. ಸುಲಿದೆ.

ಉಳಿದ ಎರಡು ದಿನ ಅಲ್ಲೇ ಇದ್ದೆ. ಹೊತ್ತುಹೊತ್ತಿಗೆ ಥರ್ಮಾಮೀಟರ್ ಹಿಡಿದು ಬಂದರೆ ಆಯಿ ಬೈಯುತ್ತಲೇ ಬಾಯಿ ತೆರೆಯುತ್ತಿದ್ದರು. ಜ್ವರ ಬರಲಿಲ್ಲ. ಅದರಲ್ಲಿ ನನ್ನದೇನೂ ಇಲ್ಲ.

ಮರುವರ್ಷ ಕುಳಗಿಯ ಹತ್ತಿರ ಇನ್ನೊಂದು ಮಂಗ ಸತ್ತಾಗ ಬೂಟು ತೊಡುವ ಮೊದಲೇ ಕೂಗಿದೆ: “ಮುಟ್ಟಬ್ಯಾಡ್ರಿ, ದೋಟಿ ತರ್ರಿ!” ತಂದರು. ಈಗ ನೆನಪು ಆ ಹಲಸಿನ ಮರದ ಕೆಳಗೂ ಆಯಿಯ ಕೈಗೆ ದೋಟಿ ಕೊಡಲು ನೋಡುತ್ತದೆ. ಅಲ್ಲಿ ಆಯಿ ದೂರ ನಿಂತು ನೀರು ಎರೆಯುತ್ತಾರೆ. ಹಾಗೆ ಬರೆದದ್ದನ್ನು ಪ್ರತಿಸಲ ಹೊಡೆದುಹಾಕುತ್ತೇನೆ. ಮಂಗ ಅವರ ತೊಡೆಯ ಮೇಲಿತ್ತು.